ಕೀಮೋ ಮುಗಿಸಿ ಮನೆಗೆ ಬಂದ ಮೇಲೆ

ಕ್ಯಾನ್ಸರಿನ ಔಷಧಿಯನ್ನು ಕೊಡುವುದು ಆಸ್ಪತ್ರೆಯಲ್ಲಿ, ಅದರ ಅಡ್ಡಪರಿಣಾಮ ಕಾಣಿಸುವುದು ಮನೆಯಲ್ಲಿ. ಕೊಪ್ಪಳ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಅನೇಕರು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಕೆಲವರು ಬೆಂಗಳೂರಿನ ಕಿದ್ವಾಯಿಗೆ, ಇನ್ನು ಕೆಲವರು ಕಲಬುರಗಿಯಲ್ಲಿರುವ ಕಿದ್ವಾಯಿ ಕೇಂದ್ರಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹೋಗಿ, ಕೀಮೋ ಹಾಕಿಸಿಕೊಂಡು, ಸಂಜೆಯ ಬಸ್ಸಿಗೋ ರೈಲಿಗೋ ವಾಪಸಾಗುತ್ತಾರೆ. ಮುಂದಿನ ಸರದಿ ಸಾಮಾನ್ಯವಾಗಿ ಮೂರು ವಾರ ಬಿಟ್ಟು. ಆ ಮೂರು ವಾರ ರೋಗಿ ನಮ್ಮ ಕೈಯಲ್ಲಿರುತ್ತಾರೆ.

ಎರಡನೇ ದಿನ ವಾಂತಿ ಶುರುವಾಗುತ್ತದೆ. ಐದಾರನೇ ದಿನ ಬಾಯಿ ಹುಣ್ಣಾಗುತ್ತದೆ. ಹತ್ತನೇ ದಿನ ರಾತ್ರಿ ಜ್ವರ ಬರುತ್ತದೆ. ಆಸ್ಪತ್ರೆ ನೂರು ಕಿಲೋಮೀಟರಿಗೂ ದೂರ. ಪಕ್ಕದ ಮನೆಯವರು ಒಂದು ಹೇಳುತ್ತಾರೆ, ಬಂಧುಗಳು ಇನ್ನೊಂದು ಹೇಳುತ್ತಾರೆ. "ಈ ಔಷಧಿಯೇ ಆಕೆಯನ್ನು ತಿನ್ನುತ್ತಿದೆ, ಬಿಡಿಸಿಬಿಡಿ" ಎಂಬ ಮಾತು ಬರುವುದು ಈ ದಿನಗಳಲ್ಲೇ. ಎರಡು ಸಲ ಹಾಕಿಸಿ ಚಿಕಿತ್ಸೆ ಕೈಬಿಡುವವರು ಬಹುಪಾಲು ಕ್ಯಾನ್ಸರಿಗೆ ಹೆದರಿ ಬಿಡುವುದಿಲ್ಲ, ಈ ತೊಂದರೆಗಳಿಗೆ ಸೋತು ಬಿಡುತ್ತಾರೆ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಮದ್ದಿದೆ. ವೈದ್ಯರಿಗೆ ಹೇಳಬೇಕು, ಅಷ್ಟೇ.

ಹೇಳುವುದೇ ನಮ್ಮಲ್ಲಿ ಕಷ್ಟ. ವೈದ್ಯರು "ಹೇಗಿದ್ದೀರಿ ಅಮ್ಮಾ?" ಎಂದು ಕೇಳಿದರೆ ನಮ್ಮ ತಾಯಂದಿರು "ಅಲ್ಹಮ್ದುಲಿಲ್ಲಾಹ್, ಚೆನ್ನಾಗಿದ್ದೇನೆ" ಎನ್ನುತ್ತಾರೆ. ವೈದ್ಯರು ಫೈಲಿನಲ್ಲಿ "ತೊಂದರೆ ಇಲ್ಲ" ಎಂದು ಬರೆಯುತ್ತಾರೆ. ಐದು ದಿನ ಊಟವೇ ಸೇರಿಲ್ಲ ಎಂಬುದು ಆ ಕೋಣೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಇದನ್ನೇ ಸಬ್ರ್ ಎಂದುಕೊಂಡವರಿದ್ದಾರೆ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿ(ಸ)ಯವರೇ ಕಲಿಸಿದ್ದಾರೆ. ಮದ್ದು ಇರುವ ನೋವನ್ನು ಬಚ್ಚಿಟ್ಟುಕೊಂಡರೆ ಅದು ಸಹನೆಯಾಗುವುದಿಲ್ಲ. ಅಲ್ಹಮ್ದುಲಿಲ್ಲಾಹ್ ಖಂಡಿತ ಹೇಳಿ, ಅದರ ಬೆನ್ನಿಗೇ ಎಷ್ಟು ಸಲ ವಾಂತಿಯಾಯಿತು, ಎಷ್ಟು ದಿನ ಮಲವಿಸರ್ಜನೆ ಆಗಲಿಲ್ಲ, ಎಲ್ಲಿ ನೋವು ಎಂಬುದನ್ನೂ ಹೇಳಿ. ಮಕ್ಕಳ ಒಂದು ಹಳೆಯ ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಎರಡೆರಡು ಸಾಲು ಬರೆದಿಟ್ಟರೆ ಹುಬ್ಬಳ್ಳಿಯಲ್ಲಿ ನೆನಪು ಮಾಡಿಕೊಳ್ಳುವ ಪಾಡು ತಪ್ಪುತ್ತದೆ.

ಯಾಕೆ ಹೀಗಾಗುತ್ತದೆ?

ಕ್ಯಾನ್ಸರ್ ಕಣಗಳು ಬೇಗ ಬೇಗ ಒಡೆದು ಬೆಳೆಯುತ್ತವೆ. ಕೀಮೋ ಔಷಧಿ ಹಾಗೆ ಬೇಗ ಬೆಳೆಯುವ ಕಣಗಳನ್ನೆಲ್ಲ ಹೊಡೆಯುತ್ತದೆ. ನಮ್ಮ ದೇಹದಲ್ಲಿ ಸಹಜವಾಗಿಯೇ ಬೇಗ ಬೆಳೆಯುವ ಕಣಗಳು ಕೆಲವಿವೆ: ಬಾಯಿಯ ಒಳಪದರ, ಕರುಳಿನ ಒಳಪದರ, ಕೂದಲಿನ ಬುಡ, ರಕ್ತ ತಯಾರಾಗುವ ಎಲುಬಿನ ಮಜ್ಜೆ. ಆದ್ದರಿಂದಲೇ ಬಾಯಿ ಹುಣ್ಣಾಗುತ್ತದೆ, ಭೇದಿಯಾಗುತ್ತದೆ, ಕೂದಲು ಉದುರುತ್ತದೆ, ರಕ್ತ ಕಡಿಮೆಯಾಗುತ್ತದೆ. ಈ ಕಣಗಳು ಮತ್ತೆ ಚೇತರಿಸಿಕೊಳ್ಳಲಿ ಎಂದೇ ಎರಡು ಕೀಮೋಗಳ ನಡುವೆ ಬಿಡುವು ಕೊಡುತ್ತಾರೆ. ಹೆಚ್ಚು ತೊಂದರೆಯಾದರೆ ಔಷಧಿ ಹೆಚ್ಚು ಕೆಲಸ ಮಾಡಿದೆ, ತೊಂದರೆಯೇ ಇಲ್ಲದಿದ್ದರೆ ಔಷಧಿ ಹತ್ತಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ.

ಕೆಲವರಿಗೆ ಕೆಂಪು ಬಣ್ಣದ ಔಷಧಿ ಕೊಡುತ್ತಾರೆ, ವಿಶೇಷವಾಗಿ ಸ್ತನ ಕ್ಯಾನ್ಸರಿಗೆ. ಅದನ್ನು ಹಾಕಿಸಿಕೊಂಡ ಒಂದೆರಡು ದಿನ ಮೂತ್ರ ಕೆಂಪಾಗಿ ಹೋಗುತ್ತದೆ. ಅದು ಔಷಧಿಯ ಬಣ್ಣ, ರಕ್ತವಲ್ಲ. ಗಾಬರಿಯಾಗಬೇಡಿ. ಎರಡು ದಿನ ಕಳೆದ ಮೇಲೂ ಕೆಂಪಾಗಿದ್ದರೆ ಮಾತ್ರ ವೈದ್ಯರಿಗೆ ತಿಳಿಸಿ.

ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ

ಈ ಲೇಖನದಲ್ಲಿ ಒಂದೇ ಭಾಗ ಓದುವವರಿದ್ದರೆ ಇದನ್ನು ಓದಿ.

ಕೀಮೋ ಹಾಕಿದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ, ಹೆಚ್ಚಿನ ಔಷಧಿಗಳಲ್ಲಿ, ರಕ್ತದ ಬಿಳಿ ಕಣಗಳು ತೀರಾ ಕೆಳಗೆ ಇಳಿಯುತ್ತವೆ. ಸೋಂಕಿನೊಡನೆ ಹೋರಾಡುವುದು ಈ ಬಿಳಿ ಕಣಗಳೇ. ಅವು ಇಲ್ಲದಾಗ ನಮ್ಮದೇ ಬಾಯಿಯ, ಕರುಳಿನ, ಚರ್ಮದ ಕ್ರಿಮಿಗಳು ರಕ್ತಕ್ಕೆ ನುಗ್ಗಬಹುದು. ಕೀವಾಗುವುದಕ್ಕೂ ಬಾವು ಬರುವುದಕ್ಕೂ ಬಿಳಿ ಕಣಗಳೇ ಬೇಕು. ಅವು ಇಲ್ಲದ್ದರಿಂದ ಹೊರಗೆ ಏನೂ ಕಾಣುವುದಿಲ್ಲ, ಜ್ವರವೊಂದೇ ಗುರುತು. ಬೇರೆಯವರಿಗೆ ಎರಡು ದಿನದಲ್ಲಿ ಹೋಗುವ ಜ್ವರ ಇವರ ಪ್ರಾಣವನ್ನು ಕೆಲವೇ ಗಂಟೆಗಳಲ್ಲಿ ತೆಗೆಯಬಹುದು.

ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಹಣೆ ಮುಟ್ಟಿ ನೋಡುವುದು ಸಾಲದು. ನಮ್ಮ ಕಡೆಯ ಬೇಸಿಗೆಯಲ್ಲಿ ಎಲ್ಲರ ಹಣೆಯೂ ಬಿಸಿಯೇ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ಇಲ್ಲವೇ ಚಳಿ ಹತ್ತಿ ಮೈ ನಡುಗಿದರೆ, ಅದೇ ಹೊತ್ತಿಗೆ ಹೊರಡಿ. ನಡುರಾತ್ರಿಯಾದರೂ, ಈದ್‌ನ ದಿನವಾದರೂ.

ಪ್ಯಾರಾಸಿಟಮಾಲ್ ಕೊಟ್ಟು "ನೋಡೋಣ" ಎನ್ನಬೇಡಿ. ಗುಳಿಗೆ ಜ್ವರವನ್ನು ಇಳಿಸುತ್ತದೆ, ಸೋಂಕನ್ನು ಇಳಿಸುವುದಿಲ್ಲ. ಇದ್ದ ಒಂದು ಗುರುತೂ ಮುಚ್ಚಿಹೋಗುತ್ತದೆ. ಊರಿನ ಡಾಕ್ಟರರ ಹತ್ತಿರ ಸೂಜಿ ಮಾಡಿಸಿ, ಸಲಾಯಿನ್ ಹಚ್ಚಿಸಿ ಒಂದು ದಿನ ಕಳೆಯುವುದು ನಮ್ಮಲ್ಲಿ ರೂಢಿ. ಕೀಮೋ ರೋಗಿಗೆ ಅದು ಅಪಾಯ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಆಗ ಕಡಿಮೆ ಇರುವುದರಿಂದ ಸೊಂಟಕ್ಕೆ ಹಾಕಿದ ಸೂಜಿಯ ಜಾಗದಲ್ಲಿ ಒಳಗೇ ರಕ್ತ ಇಳಿಯಬಹುದು. ಅಂಗಡಿಯಲ್ಲಿ ಸಿಗುವ ಮೈಕೈ ನೋವಿನ ಗುಳಿಗೆಗಳೂ ಇದೇ ಕಾರಣಕ್ಕೆ ಬೇಡ. ಅವು ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ.

ಹುಬ್ಬಳ್ಳಿಗೆ ಹೋಗಿ ಮುಟ್ಟುವಷ್ಟು ಹೊತ್ತು ಇಲ್ಲದಿದ್ದರೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೋ ತಾಲ್ಲೂಕಿನ ಸರಕಾರಿ ಆಸ್ಪತ್ರೆಗೋ ನೇರವಾಗಿ ಹೋಗಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅಲ್ಲಿ ಮೊದಲ ಮಾತೇ ಇದಾಗಿರಲಿ: "ಕೀಮೋ ನಡೆಯುತ್ತಿದೆ, ಇಂಥ ದಿನ ಹಾಕಿದ್ದು, ಈಗ ಇಷ್ಟು ಜ್ವರ ಇದೆ." ಸಾಲಿನಲ್ಲಿ ಕೂತು ಕಾಯಬೇಡಿ. ಫೈಲು ಕೈಯಲ್ಲೇ ಇರಲಿ. ರಕ್ತಪರೀಕ್ಷೆ ಮಾಡಿ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಶುರು ಮಾಡುವುದು ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಗಬೇಕಾದ ಕೆಲಸ. ಅದು ಅಲ್ಲಿ ಶುರುವಾದ ಮೇಲೆ ಹುಬ್ಬಳ್ಳಿಗೆ ಸಾಗಿಸುವ ಮಾತು. ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ವೈದ್ಯರಿಗೂ ಆಗಲೇ ಫೋನ್ ಮಾಡಿ.

ಬಿಳಿ ಕಣ ಹೆಚ್ಚಿಸಲು ಕೆಲವರಿಗೆ ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಸೂಜಿ ಹಾಕುತ್ತಾರೆ. ಅದಾದ ಮೇಲೆ ಸೊಂಟ, ತೊಡೆ ಎಲುಬುಗಳು ಒಂದೆರಡು ದಿನ ಹರಿಯುವಂತೆ ನೋಯುತ್ತವೆ. ಮಜ್ಜೆ ಕೆಲಸ ಮಾಡುತ್ತಿರುವುದರ ನೋವು ಅದು. ಅದಕ್ಕೆ ಯಾವ ಗುಳಿಗೆ ತೆಗೆದುಕೊಳ್ಳಬಹುದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇಯಾದತ್‌ಗೆ ಬರುವವರಿಗೆ

ರೋಗಿಯನ್ನು ನೋಡಿ ಬರುವುದು ಸುನ್ನತ್. ಆ ಪುಣ್ಯದ ಕೆಲಸ ರೋಗಿಗೆ ಕೇಡಾಗಬಾರದು. ಕೀಮೋ ಆದ ವಾರದಲ್ಲಿ ಹದಿನೈದು ಜನ ಬಂದು, ಮಂಚದ ಸುತ್ತ ಕೂತು, ಮಕ್ಕಳನ್ನೂ ಕರೆತಂದು, ಪ್ರತಿಯೊಬ್ಬರೂ ಕೈ ಹಿಡಿದು ಮಾತನಾಡಿಸಿ ಹೋದರೆ ಅವರಲ್ಲಿ ಒಬ್ಬರ ನೆಗಡಿ ಸಾಕು. ಮೈಮೇಲೆ ಸಿಡುಬಿನ ಗುಳ್ಳೆ ಎದ್ದ ಮಗುವಿದ್ದರೆ ಅದಂತೂ ಆ ಮನೆಯ ಹೊಸ್ತಿಲು ತುಳಿಯಬಾರದು.

ಬರುವವರು ಮೊದಲು ಫೋನ್ ಮಾಡಿ. ಕೆಮ್ಮು, ನೆಗಡಿ, ಜ್ವರ, ಭೇದಿ ಇದ್ದರೆ ಮನೆಯಿಂದಲೇ ದುವಾ ಮಾಡಿ. ಒಳಗೆ ಬಂದವರು ಸೋಪಿನಿಂದ ಕೈ ತೊಳೆದುಕೊಂಡು, ಸ್ವಲ್ಪ ದೂರ ಕೂತು, ಹತ್ತು ನಿಮಿಷದಲ್ಲಿ ಏಳಿ. ಸಲಾಮ್ ಹೇಳಿದರೆ ಸಾಕು, ಮುಸಾಫಹ ಬೇಡ. ನಿಜವಾಗಿ ನೆರವಾಗಬೇಕೆಂದಿದ್ದರೆ ಆ ಮನೆಯ ಮಕ್ಕಳನ್ನು ಒಂದು ದಿನ ನಿಮ್ಮ ಮನೆಗೆ ಕರೆದುಕೊಂಡು ಹೋಗಿ, ಇಲ್ಲವೇ ಮುಂದಿನ ಸಲ ಹುಬ್ಬಳ್ಳಿಗೆ ಜೊತೆಗೆ ಹೋಗಿ. "ನಮ್ಮ ಚಿಕ್ಕಪ್ಪನಿಗೂ ಇದೇ ಆಗಿತ್ತು, ಉಳಿಯಲಿಲ್ಲ" ಎಂಬ ಕಥೆ ಹೇಳಲು ಯಾರೂ ಬರುವುದು ಬೇಡ.

ಮನೆಯ ಸೊಸೆಯೋ ಮಗಳೋ ಬಂದವರಿಗೆ ಇದನ್ನೆಲ್ಲ ಹೇಳಲು ಆಗುವುದಿಲ್ಲ, ಮುಖ ಮುರಿದಂತಾಗುತ್ತದೆ. ಮನೆಯ ಹಿರಿಯರೊಬ್ಬರು ಈ ಹೊಣೆ ಹೊರಬೇಕು. "ಡಾಕ್ಟರರು ಬೇಡ ಅಂದಿದ್ದಾರೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ವಾಂತಿ ಮತ್ತು ಊಟ

ವಾಂತಿಯ ಗುಳಿಗೆಯನ್ನು ವಾಂತಿಯಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಚೀಟಿಯಲ್ಲಿ ಮೂರು ದಿನ ಎಂದು ಬರೆದಿದ್ದರೆ, ವಾಕರಿಕೆ ಇರಲಿ ಇಲ್ಲದಿರಲಿ, ಮೂರು ದಿನವೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಸಿಸ್‌ಪ್ಲಾಟಿನ್‌ನಂಥ ಔಷಧಿಗಳಲ್ಲಿ ವಾಂತಿ ಎರಡು ಮೂರು ದಿನದ ನಂತರ ಜೋರಾಗುವುದುಂಟು. ಮೊದಲ ದಿನ ಚೆನ್ನಾಗಿದ್ದಾರೆಂದು ಗುಳಿಗೆ ಬಿಟ್ಟವರು ಆಗ ಪೇಚಾಡುತ್ತಾರೆ. ಒಂದು ಗುಳಿಗೆ ನಾಟದಿದ್ದರೆ ಬೇರೆ ಬಗೆಯವು ಇವೆ. ಮುಂದಿನ ಕೀಮೋಕ್ಕೆ ಮೊದಲು ಕೇಳಿದರೆ ಬದಲಿಸಿ ಕೊಡುತ್ತಾರೆ. ಒಂಡಾನ್ಸೆಟ್ರಾನ್ ಎಂಬ ಸಾಮಾನ್ಯ ಗುಳಿಗೆ ಮಲಬದ್ಧತೆ ಮಾಡುತ್ತದೆ. ಅದಕ್ಕೂ ಔಷಧಿ ಕೇಳಿ ಪಡೆಯಿರಿ.

ಒಗ್ಗರಣೆಯ, ಈರುಳ್ಳಿ ಹುರಿಯುವ, ಮಾಂಸ ಬೇಯುವ ವಾಸನೆಗೇ ಹೊಟ್ಟೆ ತೊಳಸುತ್ತದೆ. ರೋಗಿ ಅಡುಗೆಮನೆಯಿಂದ ದೂರ ಮಲಗಲಿ. ಬಿಸಿ ಅಡುಗೆಗಿಂತ ಆರಿದ ಅಡುಗೆಯ ವಾಸನೆ ಕಡಿಮೆ. ಮೂರು ಹೊತ್ತಿನ ಊಟಕ್ಕೆ ಕಾಯದೆ ಎರಡು ತಾಸಿಗೊಮ್ಮೆ ನಾಲ್ಕು ತುತ್ತು ಕೊಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಈ ದಿನಗಳಲ್ಲಿ ಬೇಡ. ಜೋಳದ ನುಚ್ಚು, ಮಜ್ಜಿಗೆ ಹಾಕಿದ ಅಂಬಲಿ, ಹೆಸರುಬೇಳೆ ಕಿಚಡಿ, ಗಂಗಾವತಿ ಸೋನಾ ಅಕ್ಕಿಯ ಮೆತ್ತನೆ ಅನ್ನ ಮೊಸರು, ಖಾರವಿಲ್ಲದ ಯಖ್ನಿ ಒಳಗೆ ಇಳಿಯುತ್ತವೆ. ಹಾಲು, ಮೊಸರು ಮನೆಯಲ್ಲಿ ಕಾಯಿಸಿ ಮಾಡಿದ್ದೇ ಇರಲಿ.

ಪಥ್ಯದ ಹೆಸರಿನಲ್ಲಿ ಮಾಂಸ, ಮೊಟ್ಟೆ, ಹಾಲು ಎಲ್ಲವನ್ನೂ ನಿಲ್ಲಿಸುವ ಮನೆಗಳಿವೆ. ಮಾಂಸ ತಿಂದರೆ ಗಡ್ಡೆ ಬೆಳೆಯುತ್ತದೆ ಎಂದು ಯಾರೋ ಹೇಳಿರುತ್ತಾರೆ. ಊಟ ಬಿಟ್ಟರೆ ಗಡ್ಡೆ ಸೊರಗುವುದಿಲ್ಲ, ರೋಗಿ ಸೊರಗುತ್ತಾರೆ. ತೂಕ ಇಳಿದು ರಕ್ತ ಕಡಿಮೆಯಾದರೆ ಕೀಮೋವನ್ನೇ ಮುಂದೂಡಬೇಕಾಗುತ್ತದೆ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಕೋಳಿ, ಮೀನು, ಬೇಳೆ ಯಾವುದು ಸೇರುತ್ತದೋ ಅದನ್ನು ದಿನವೂ ಕೊಡಿ. ಅರೆಬೆಂದ ಮೊಟ್ಟೆ, ರಸ್ತೆಬದಿಯ ಕೊಯ್ದ ಹಣ್ಣು, ನಿನ್ನೆಯ ಚಟ್ನಿ, ತೆರೆದಿಟ್ಟ ನೀರು ಬೇಡ. ದಾಳಿಂಬೆ, ಬಾಳೆ, ಮೋಸಂಬಿಯಂಥ ಸಿಪ್ಪೆ ಸುಲಿಯುವ ಹಣ್ಣುಗಳನ್ನು ತೊಳೆದು ಮನೆಯಲ್ಲೇ ಸುಲಿದು ಕೊಡಿ.

ಕಲೋಂಜಿ, ಜೇನುತುಪ್ಪದ ವಿಷಯ ಓದುಗರು ಕೇಳಿಯೇ ಕೇಳುತ್ತಾರೆ. ಅಡುಗೆಯಲ್ಲಿ ಹಾಕುವ ಚಿಟಿಕೆ ಕಲೋಂಜಿಗೆ ಯಾರೂ ಅಡ್ಡಿ ಹೇಳುವುದಿಲ್ಲ. ಬಾಟಲಿಗಟ್ಟಲೆ ಎಣ್ಣೆ, ಕ್ಯಾಪ್ಸೂಲು, ಹೆಸರಿಲ್ಲದ ಪುಡಿ, ಭಸ್ಮ, ಕಷಾಯಗಳ ಮಾತು ಬೇರೆ. ಕೀಮೋ ಔಷಧಿಯನ್ನು ಕರಗಿಸಿ ಹೊರಹಾಕುವ ಯಕೃತ್ತೇ ಇವನ್ನೂ ಕರಗಿಸಬೇಕು. ಎರಡೂ ಸೇರಿ ಯಕೃತ್ತು ಕೆಟ್ಟರೆ ಚಿಕಿತ್ಸೆ ನಿಲ್ಲುತ್ತದೆ. ತೆಗೆದುಕೊಳ್ಳುತ್ತಿದ್ದರೆ ಡಬ್ಬಿಯನ್ನೇ ಒಯ್ದು ವೈದ್ಯರಿಗೆ ತೋರಿಸಿ. ಬೈಯಬಹುದು, ಬೈಸಿಕೊಳ್ಳಿ.

ಭೇದಿ ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ, ರಕ್ತ ಕಂಡರೆ, ಹನಿ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ. ಅಷ್ಟರವರೆಗೆ ಓಆರ್‌ಎಸ್ ಕುಡಿಸುತ್ತಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಕೊಳ್ಳಿ.

ಬಾಯಿಯ ಹುಣ್ಣು

ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಇಟ್ಟುಕೊಳ್ಳಿ. ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಬೇಕು, ನುಂಗಬಾರದು. ಪ್ರತಿದಿನ ಹೊಸ ನೀರು ಮಾಡಿಕೊಳ್ಳಿ. ಐದು ಹೊತ್ತಿನ ವುಝೂ ಜೊತೆಗೆ ಇದನ್ನೂ ಸೇರಿಸಿಕೊಂಡರೆ ಮರೆಯುವ ಪ್ರಶ್ನೆಯೇ ಇಲ್ಲ. ಅಂಗಡಿಯ ಉರಿಯುವ ಮೌತ್‌ವಾಶ್‌ಗಳಿಗಿಂತ ಇದು ಒಳ್ಳೆಯದು.

ಮಿಸ್ವಾಕ್ ಬಳಸುವವರು ಈ ತಿಂಗಳುಗಳಲ್ಲಿ ಅದನ್ನು ಪಕ್ಕಕ್ಕಿಟ್ಟು ಮಕ್ಕಳ ಮೆತ್ತನೆಯ ಬ್ರಶ್ ಹಿಡಿಯುವುದು ಒಳ್ಳೆಯದು. ಗಟ್ಟಿ ನಾರು ಒಸಡಿಗೆ ಚುಚ್ಚಿದರೆ ರಕ್ತ ನಿಲ್ಲುವುದು ಕಷ್ಟ, ಆ ಗಾಯದಿಂದ ಸೋಂಕೂ ಒಳಗೆ ಹೋಗುತ್ತದೆ. ಬಾಯಲ್ಲಿ ಮೊಸರಿನಂಥ ಬಿಳಿ ಪದರ ಕಟ್ಟಿದರೆ ಅದು ಶಿಲೀಂಧ್ರದ ಸೋಂಕು, ಅದಕ್ಕೆ ಬೇರೆ ಔಷಧಿ ಇದೆ. ನೀರು ನುಂಗಲೂ ಆಗದಿದ್ದರೆ ಕಾಯದೆ ತೋರಿಸಿ.

ಗುಟ್ಕಾ, ತಂಬಾಕು, ಎಲೆ ಅಡಿಕೆ? ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲಾ ಮತ್ತು ತಂಬಾಕಿನ ಜೋಡಿ ಚೀಟಿಗಳು ಇವತ್ತಿಗೂ ಅಂಗಡಿಯ ಮುಂದೆ ತೂಗುತ್ತಿವೆ. ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುವಾಗಲೂ ಕದ್ದು ಹಾಕಿಕೊಳ್ಳುವವರಿದ್ದಾರೆ. ಹುಣ್ಣು ಮಾಯುವುದಿಲ್ಲ, ಚಿಕಿತ್ಸೆಯ ಬಲವೂ ಕುಗ್ಗುತ್ತದೆ. ಬಿಡಿಸಲು ಔಷಧಿ, ಸಲಹೆ ಎರಡೂ ಸಿಗುತ್ತವೆ. ಜೊತೆಗೆ ಬಂದ ಗಂಡಸರು ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಹಾಕಿಕೊಳ್ಳುವುದನ್ನು ಮೊದಲು ನಿಲ್ಲಿಸಲಿ.

ವುಝೂ, ನಮಾಝ್, ರೋಝಾ

ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ಹಾಕಿದ ಕೆಲವು ದಿನ ತಣ್ಣನೆಯದು ಏನು ಮುಟ್ಟಿದರೂ ಬೆರಳುಗಳಲ್ಲಿ ಕರೆಂಟು ಹೊಡೆದಂತಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಬಿಗಿದಂತಾಗುತ್ತದೆ. ಫಜ್ರ್ ಹೊತ್ತಿನ ಟ್ಯಾಂಕಿನ ನೀರು ಆಗ ಮುಳ್ಳಿನಂತೆ. ಉಗುರುಬೆಚ್ಚಗಿನ ನೀರಿನಿಂದ ವುಝೂ ಮಾಡಿ, ಫ್ರಿಜ್ಜಿನ, ಮಡಕೆಯ ನೀರು ಕುಡಿಯಬೇಡಿ. ಬೇರೆ ಕೆಲವು ಔಷಧಿಗಳಿಂದಲೂ ಕೈಕಾಲು ಜೋಮು ಹಿಡಿಯುತ್ತದೆ. ಜೋಮು ಇರುವವರು ಬಿಸಿನೀರಿನ ಹದವನ್ನು ಬೇರೆಯವರ ಕೈಯಿಂದ ನೋಡಿಸಿಕೊಳ್ಳಬೇಕು, ಸುಟ್ಟರೂ ತಿಳಿಯುವುದಿಲ್ಲ. ಗುಂಡಿ ಹಾಕಲು ಆಗದಿರುವುದು, ಚಪ್ಪಲಿ ಜಾರಿಹೋದರೂ ತಿಳಿಯದಿರುವುದು ವೈದ್ಯರಿಗೆ ಹೇಳಲೇಬೇಕಾದ ಸಂಗತಿ. ಔಷಧಿಯ ಪ್ರಮಾಣ ಕಡಿಮೆ ಮಾಡದಿದ್ದರೆ ಜೋಮು ಉಳಿದುಬಿಡಬಹುದು.

ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಮೂಗಿಗೆ ನೀರೆಳೆದು ಜೋರಾಗಿ ಸೀದಬೇಡಿ, ರಕ್ತ ಬರುತ್ತದೆ. ತೋಳಿನಲ್ಲೋ ಎದೆಯಲ್ಲೋ ಔಷಧಿ ಹಾಕುವ ನಳಿಕೆ ಕೂರಿಸಿದ್ದರೆ ಆ ಪಟ್ಟಿ ನೆನೆಯಬಾರದು. ಪಟ್ಟಿಯ ಮೇಲೆ ಮಸಹ್ ಮಾಡಲು, ನೀರು ತಾಗಿದರೆ ಹಾನಿ ಎಂದಾಗ ತಯಮ್ಮುಮ್ ಮಾಡಲು, ಕೂತು ಅಥವಾ ಮಲಗಿ ನಮಾಝ್ ಮಾಡಲು ಶರೀಅತ್ ಅವಕಾಶ ಕೊಟ್ಟಿದೆ. ವಿವರಗಳನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿಕೊಳ್ಳಿ. ಸಜ್ದಾದಿಂದ ಎದ್ದಾಗ ತಲೆ ಸುತ್ತಿ ಬಿದ್ದರೆ ಪ್ಲೇಟ್‌ಲೆಟ್ ಇಲ್ಲದ ಮೈಗೆ ಅದು ಸಣ್ಣ ಪೆಟ್ಟಲ್ಲ. ಬಿಳಿ ಕಣ ಇಳಿದಿರುವ ವಾರದಲ್ಲಿ ಗಂಡಸರು ಜಮಾಅತಿನ ಗುಂಪಿಗೆ ಹೋಗದೆ ಮನೆಯಲ್ಲೇ ನಮಾಝ್ ಮಾಡಲಿ.

ರಮಝಾನ್ ಬಂದಾಗ ರೋಗಿಯೂ ಉಪವಾಸ ಹಿಡಿಯುತ್ತೇನೆಂದು ಹಠ ಮಾಡುವುದುಂಟು. ಸೂರಃ ಅಲ್ ಬಕರದ 184 ಮತ್ತು 185ನೇ ಆಯತ್‌ಗಳಲ್ಲಿ ರೋಗಿಗೆ ರಿಯಾಯಿತಿ ಇದೆ. ಗುಣವಾದ ಮೇಲೆ ಎಣಿಕೆ ಪೂರ್ತಿ ಮಾಡಬಹುದು, ಅದೂ ಆಗದವರ ಕುರಿತು ಆಲಿಮರು ದಾರಿ ಹೇಳುತ್ತಾರೆ. ಸಿಸ್‌ಪ್ಲಾಟಿನ್ ತೆಗೆದುಕೊಳ್ಳುವವರಿಗೆ ನೀರೇ ಮೂತ್ರಪಿಂಡದ ಕಾವಲು. ಕೇಪ್‌ಸೈಟಬಿನ್ ಗುಳಿಗೆಯನ್ನು ದಿನಕ್ಕೆ ಎರಡು ಸಲ, ಊಟವಾದ ಅರ್ಧ ಗಂಟೆಯೊಳಗೆ, ಹನ್ನೆರಡು ಗಂಟೆಗಳ ಅಂತರದಲ್ಲಿ ನುಂಗಬೇಕು. ರಮಝಾನಿಗಾಗಿ ಆ ಹೊತ್ತುಗಳನ್ನು ನೀವಾಗಿಯೇ ಬದಲಿಸಬೇಡಿ.

ಕರೆಂಟು ಕೊಡುವಾಗ

ರೇಡಿಯೇಶನ್‌ಗೆ ನಮ್ಮ ಜನ "ಕರೆಂಟು" ಎನ್ನುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಕೊಡುವುದು ಸಾಮಾನ್ಯ. ಎರಡು ಮೂರು ವಾರವಾದ ಮೇಲೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಅಲ್ಲಿಗೆ ಅತ್ತರ್, ಪೌಡರ್, ಸುರ್ಮಾ, ಎಣ್ಣೆ, ಅರಿಶಿನ ಯಾವುದೂ ಬೇಡ. ಬರೀ ನೀರು ಹಾಕಿ, ಉಜ್ಜದೆ, ಮೆತ್ತನೆಯ ಬಟ್ಟೆ ಒತ್ತಿ ಒರೆಸಿ. ಗುರುತಿಗೆ ಹಾಕಿದ ಗೆರೆಗಳನ್ನು ಅಳಿಸಬೇಡಿ. ಕುತ್ತಿಗೆಗೆ ಕರೆಂಟು ನಡೆದಿರುವ ಹೆಂಗಸರು ಬಿಗಿಯಾದ ಸಿಂಥೆಟಿಕ್ ಸ್ಕಾರ್ಫಿನ ಬದಲು ಸಡಿಲವಾದ ಹತ್ತಿ ದುಪ್ಪಟ್ಟಾ ಹಾಕಿಕೊಳ್ಳಲಿ. ಪಿನ್ನು ಬೇಡ. ಗಂಡಸರು ಆ ಭಾಗದ ಗಡ್ಡಕ್ಕೆ ಬ್ಲೇಡು ತಾಗಿಸುವುದು ಬೇಡ.

ದವಡೆ ಬಿಗಿಯುವುದು ನಿಧಾನವಾಗಿ ಬರುವ ತೊಂದರೆ. ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಟ್ಟಿರುತ್ತಾರೆ. ನೋಯುತ್ತದೆಂದು ಬಿಟ್ಟರೆ ಆರು ತಿಂಗಳಲ್ಲಿ ಎರಡು ಬೆರಳೂ ಹೋಗದಷ್ಟು ಬಾಯಿ ಕಟ್ಟಿಹೋಗಬಹುದು. ಮೂಗಿನ ನಳಿಕೆ ಹಾಕುತ್ತೇವೆಂದರೆ ಕಥೆ ಮುಗಿಯಿತೆಂದು ಅಳುವವರಿದ್ದಾರೆ. ಹುಣ್ಣು ಮಾಯುವವರೆಗೆ ಹೊಟ್ಟೆ ತುಂಬಿಸುವ ದಾರಿ ಅದು, ಆಮೇಲೆ ತೆಗೆಯುತ್ತಾರೆ.

ಹೆಂಗಸರು ಬಾಯಿ ಬಿಡದ ತೊಂದರೆಗಳು

ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟು ಕೊಟ್ಟ ಮೇಲೆ ಮೂತ್ರ ಉರಿ, ಭೇದಿ, ಬಿಳಿ ಹೋಗುವುದು, ಯೋನಿ ಒಣಗಿ ಕಿರಿದಾಗುವುದು ಆಗುತ್ತವೆ. ಗಂಡನ ಮುಂದೆ, ಗಂಡು ವೈದ್ಯರ ಮುಂದೆ ಹೇಳಲಾರದೆ ನಮ್ಮ ಹೆಣ್ಣುಮಕ್ಕಳು ವರ್ಷಗಟ್ಟಲೆ ನೋವು ತಿನ್ನುತ್ತಾರೆ. ಕಿರಿದಾಗುವುದನ್ನು ತಡೆಯಲು ಸಾಧನವಿದೆ, ಬಳಸುವ ರೀತಿಯನ್ನು ನರ್ಸ್ ಹೇಳಿಕೊಡುತ್ತಾರೆ. ಅದಿಲ್ಲದಿದ್ದರೆ ಮುಂದೆ ವೈದ್ಯರಿಗೆ ಒಳಪರೀಕ್ಷೆ ಮಾಡುವುದೂ ಕಷ್ಟ. ಮಹಿಳಾ ವೈದ್ಯೆಯನ್ನೋ ನರ್ಸನ್ನೋ ಬೇರೆಯಾಗಿ ಮಾತನಾಡಿಸಬೇಕೆಂದು ಕೇಳಿ. ಅದು ನಿಮ್ಮ ಹಕ್ಕು. ಕೀಮೋ ನಡೆಯುವಾಗ ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಆ ಗರ್ಭಕ್ಕೆ ಔಷಧಿಯಿಂದ ಹಾನಿಯಿದೆ. ಗಂಡ ಹೆಂಡತಿ ಇಬ್ಬರೂ ಕೂತು ವೈದ್ಯರ ಹತ್ತಿರ ಇದನ್ನು ಕೇಳಿಕೊಳ್ಳಬೇಕು.

ಕೂದಲು ಉದುರುವುದು ಎರಡು ಮೂರು ವಾರದಲ್ಲಿ ಶುರುವಾಗುತ್ತದೆ, ಕೀಮೋ ಮುಗಿದ ಕೆಲವು ತಿಂಗಳಿಗೆ ಮತ್ತೆ ಬರುತ್ತದೆ. "ಹಿಜಾಬಿನ ಒಳಗೆ ಯಾರಿಗೆ ಕಾಣುತ್ತದೆ ಬಿಡು" ಎಂಬ ಸಮಾಧಾನ ಮಾತ್ರ ಹೇಳಬೇಡಿ. ಆಕೆಗೆ ಕನ್ನಡಿಯಲ್ಲಿ ಕಾಣುತ್ತದೆ.

ಸುಸ್ತು, ನೋವು

ಈ ಸುಸ್ತು ಮಲಗಿದರೆ ಹೋಗುವುದಲ್ಲ. ಅದನ್ನು ಸೋಮಾರಿತನ ಎನ್ನುವ ಅತ್ತೆಯರಿದ್ದಾರೆ, ಇಡೀ ದಿನ ಹಾಸಿಗೆಯಿಂದ ಏಳಗೊಡದ ಮಕ್ಕಳೂ ಇದ್ದಾರೆ. ಎರಡೂ ಬೇಡ. ಹೊತ್ತು ಇಳಿದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಡೆದಾಡಿದರೆ ಸುಸ್ತು ಕಡಿಮೆಯಾಗುತ್ತದೆ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟಿದರೆ ಹಿಮೋಗ್ಲೋಬಿನ್ ನೋಡಿಸಿ.

ನೋವಿಗೆ ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ ಮನೆಯವರೇ ಅದನ್ನು ಬಚ್ಚಿಡುವುದುಂಟು, ನಶೆಯ ವಸ್ತು, ಚಟವಾಗುತ್ತದೆ ಎಂಬ ಭಯದಿಂದ. ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಕ್ಯಾನ್ಸರ್ ನೋವಿಗೆ ಅದು ಮದ್ದು. ನೋವು ತಡೆಯಲಾರದಾದ ಮೇಲೆ ಕೊಡುವ ಔಷಧಿ ಅಲ್ಲ ಅದು, ಹೊತ್ತು ಹೊತ್ತಿಗೆ ಕೊಟ್ಟು ನೋವು ಏರದಂತೆ ತಡೆಯುವ ಔಷಧಿ. ಮಲಬದ್ಧತೆ ಖಂಡಿತ ಆಗುತ್ತದೆ, ಅದರ ಔಷಧಿಯನ್ನೂ ಜೊತೆಗೇ ಶುರು ಮಾಡಬೇಕು.

ಆರೈಕೆ ಮಾಡುವವರ ಶುಚಿತ್ವ

ಕ್ಯಾನ್ಸರ್ ಅಂಟುವ ರೋಗವಲ್ಲ. ತಟ್ಟೆ, ಲೋಟ ಬೇರೆ ಇಡುವುದು ಆ ಜೀವವನ್ನು ನೋಯಿಸುವುದಷ್ಟೇ. ಆದರೆ ಕೀಮೋ ಹಾಕಿದ ಮೊದಲ 48 ಗಂಟೆ ಔಷಧಿಯ ಅಂಶ ಮಲ, ಮೂತ್ರ, ವಾಂತಿಯಲ್ಲಿ ಹೊರಗೆ ಬರುತ್ತದೆ. ಆ ಎರಡು ದಿನ ಅವನ್ನು ಬಳಿಯುವವರು, ಇಸ್ತಿಂಜಾ ಮಾಡಿಸುವವರು ಕೈಗವಸು ಹಾಕಿಕೊಂಡು, ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಶೌಚಾಲಯಕ್ಕೆ ಎರಡು ಸಲ ನೀರು ಸುರಿಯಿರಿ. ಹೊಲಸಾದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಹಣ, ಪ್ರಯಾಣ

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅಡ್ಡಪರಿಣಾಮಗಳ ಔಷಧಿಯಲ್ಲಿ ಯಾವುದು ಅದರಲ್ಲಿ ಬರುತ್ತದೆ ಎಂದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಕೇಳಿ. ಕೈಯಿಂದ ದುಡ್ಡು ಹಾಕಿ ತಂದು, ಮುಗಿದಾಗ ಸುಮ್ಮನಾಗಬೇಡಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರವಿಲ್ಲ, ಜೊತೆಗೆ ಹೋಗುವ ಒಬ್ಬರಿಗೆ ಅವೇ ದರ್ಜೆಗಳಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯ ವೈದ್ಯರು ನಮೂನೆಯಲ್ಲಿ ಸಹಿ ಮಾಡಿದ ಪ್ರಮಾಣಪತ್ರವನ್ನು ಟಿಕೆಟ್ ಕೌಂಟರಿನಲ್ಲಿ ಕೊಡಬೇಕು. ಮೊದಲ ಸಲ ಹೋದಾಗಲೇ ಬರೆಸಿಕೊಳ್ಳಿ.

ಹಾಗೆಯೇ ಒಂದು ಚೀಟಿಯಲ್ಲಿ ರೋಗಿಯ ಹೆಸರು, ಫೈಲ್ ನಂಬರ್, ಔಷಧಿಯ ಹೆಸರು, ಕೊನೆಯ ಕೀಮೋದ ದಿನಾಂಕ, ಆಸ್ಪತ್ರೆಯ ವಾರ್ಡಿನ ಫೋನ್ ನಂಬರ್, ರಾತ್ರಿ ಕರೆದರೆ ಬರುವ ವಾಹನದವರ ನಂಬರ್ ಬರೆದು ಥರ್ಮಾಮೀಟರಿನ ಪಕ್ಕದ ಗೋಡೆಗೆ ಅಂಟಿಸಿ. ಓದು ಬರುವ ದೊಡ್ಡವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಜ್ವರ ಬಂದರೂ, ಶಾಲೆಗೆ ಹೋಗುವ ಮಗು ಅದನ್ನು ನೋಡಿ ಫೋನ್ ಮಾಡುವಂತೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ.